ಕೈ ತೊಳೆಯುವ ಪದ

ನನ್ನ ಪದ ನನ್ನೊಬ್ಬಳದಾಗಿಯೇ ಇದ್ದ ಕೊನೆಯ ದಿನ ಒಂದು ಬುಧವಾರ. ಅಂದು ವಿಶೇಷವೇನೂ ನಡೆಯಲಿಲ್ಲ. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರಲಿಲ್ಲ. ರಾಜಗೋಪಾಲನಗರದಲ್ಲಿ ಅದನ್ನು ವಿಶೇಷ ಎನ್ನುವ ಹಾಗಿಲ್ಲ. ಅಕ್ಕ ಚಪಾತಿ ಲಟ್ಟಿಸಿದಳು, ನಾನು ಬೇಯಿಸಿದೆ. ಒಂದನ್ನು ಸೀದುಹಾಕಿದೆ. ಸೀದದ್ದನ್ನೇ ಹುಡುಕಿ ಅವಳು ತನ್ನ ಡಬ್ಬಿಗೆ ಹಾಕಿಕೊಂಡಳು. ಇಬ್ಬರೂ ಒಂದೇ ಆಸ್ಪತ್ರೆಗೆ ಹೋಗುವವರು. ಅವಳು ಡ್ರೆಸ್ಸಿಂಗ್ ರೂಮಿನ ಸಿಸ್ಟರ್, ನಾನು ಹೊರಗಿನ ಕೌಂಟರಿನಲ್ಲಿ ಕೂತು ಚೀಟಿ ಬರೆಯುವವಳು. ಪೀಣ್ಯದ ಶೆಡ್ಡುಗಳಲ್ಲಿ ಪ್ರೆಸ್ಸಿನ ಬಾಯಿಗೆ ಸಿಕ್ಕಿದ ಬೆರಳುಗಳೆಲ್ಲ ಕರವಸ್ತ್ರ ಸುತ್ತಿಕೊಂಡು ಮೊದಲು ನನ್ನ ಹತ್ತಿರ ಬರುತ್ತಿದ್ದವು, ಆಮೇಲೆ ಅವಳ ಹತ್ತಿರ. ಸಂಜೆ ಇಬ್ಬರೂ ನಡೆದು ಮನೆಗೆ ಬಂದೆವು. ದಾರಿಯಲ್ಲಿ ಸೊಪ್ಪಿನವಳ ಜೊತೆ ಚೌಕಾಸಿ ಮಾಡಿ ಎಂದಿನಂತೆ ಸೋತೆವು.

"ನಾಳೆ ಟ್ರೈನಿಂಗು ಕಣೇ. ಎಲ್ಲಾರೂ ಬರ್ಲೇಬೇಕಂತೆ, ನೀನೂ" ಎಂದಳು ಅಕ್ಕ.

"ನಾನ್ಯಾಕೆ? ನಾನೇನು ಇಂಜೆಕ್ಷನ್ ಕೊಡ್ತೀನಾ?"

"ಊಟ ಕೊಡ್ತಾರಂತೆ."

ಹಾಗಾದರೆ ಸರಿ ಎಂದೆ.

ಅಕ್ಕ ಈಗ ಇಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯಲ್ಲಿ ಹೇಳಿ ನಿಮ್ಮನ್ನು ಬೆಚ್ಚಿಬೀಳಿಸುವ ಆಸೆ ನನಗಿಲ್ಲ. ಅವಳು ಹೋದ ಮೇಲೆ ಅವಳ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯೋಣ ಎಂದು ಎಷ್ಟೋ ಸಲ ಕೂತಿದ್ದೇನೆ. ಆದರೆ ಪೆನ್ನು ಹಿಡಿದರೆ ಒಳ್ಳೆಯ ಮಾತಿಗಿಂತ ಮುಂಚೆ ನನ್ನ ಹೊಟ್ಟೆಕಿಚ್ಚೇ ಬಂದು ಮುಂದೆ ಕೂರುತ್ತದೆ. ಸತ್ತವರ ವಿಷಯದಲ್ಲಿ ದುಃಖಪಡುವುದು ಸರಿ, ಹೊಟ್ಟೆಕಿಚ್ಚು ಪಡುವುದು ಎಲ್ಲಾದರೂ ಉಂಟೇ ಎಂದು ನೀವು ಕೇಳಬಹುದು. ಉಂಟು. ಸತ್ತವರ ಸುತ್ತ ಬದುಕಿರುವವರು ಇರುತ್ತಾರಲ್ಲ, ಅವರ ಮೇಲೆ.

ಇದು ಶುರುವಾದದ್ದು ಒಂದು ಹಾಡಿನಿಂದ. ಹಾಡು ಎಂದರೆ ದೊಡ್ಡದಾಯಿತು, ಮೂರು ಸಾಲಿನ ಪದ. ನಮ್ಮಮ್ಮ ಮಕ್ಕಳಿಗೆ ನೀರು ಹಾಕುವಾಗ ಹಾಡುತ್ತಿದ್ದಳು. ಅಮ್ಮನಿಗೆ ಓದು ಬರುತ್ತಿರಲಿಲ್ಲ. ಸಿರಾ ಕಡೆಯ ಹಳ್ಳಿಯಿಂದ ಅಪ್ಪನ ಹಿಂದೆ ಪೀಣ್ಯಕ್ಕೆ ಬಂದವಳು, ಬರುವಾಗ ಒಂದು ತಾಮ್ರದ ಹಂಡೆಯನ್ನೂ ಬಾಯಿ ತುಂಬ ಪದಗಳನ್ನೂ ತಂದಿದ್ದಳು. ಕೆಲವನ್ನು ತಾನೇ ಕಟ್ಟಿದ್ದಳು. ಒಂದು ಮಗುವಿಗೆ ಕಟ್ಟಿದ ಪದವನ್ನು ಇನ್ನೊಂದು ಮಗುವಿಗೆ ಹಾಡಬಾರದು ಎನ್ನುವುದು ಅವಳದೇ ಕಾನೂನು. ನನ್ನ ಪದ ಹೀಗಿತ್ತು:

ಹಂಡೆಯ ನೀರು ಹದವಾಯ್ತು ಗಿರಿಜವ್ವ
ಬೆರಳಿನ ಸಂದಿ ತೊಳೆಯವ್ವ – ನಿನ ಕೈಗೆ
ಬೆಳದಿಂಗಳೇ ಬಂದು ಬಳೆಯಾಗಲಿ

ಗಿರಿಜವ್ವ ಎಂದರೆ ನಾನು. ಚಿಕ್ಕಂದಿನಲ್ಲಿ ನನಗಿದ್ದ ಆಸ್ತಿ ಇದೊಂದೇ. ಅಂಗಿ ಅಕ್ಕನದು ಚಿಕ್ಕದಾದ ಮೇಲೆ ನನಗೆ ಬರುತ್ತಿತ್ತು, ಪುಸ್ತಕ ಅಕ್ಕ ಓದಿ ಮುಗಿಸಿದ ಮೇಲೆ, ಚಪ್ಪಲಿ ಅಕ್ಕ ಸವೆಸಿದ ಮೇಲೆ. ಅವಳು ನನಗಿಂತ ಎಂಟು ವರ್ಷ ದೊಡ್ಡವಳು, ಆದ್ದರಿಂದ ನನ್ನ ಪಾಲಿಗೆ ಬಂದದ್ದೆಲ್ಲ ಒಂದು ಸುತ್ತು ಬದುಕಿ ಬಂದದ್ದೇ. ಪದ ಮಾತ್ರ ಹೊಸದು. ಅಕ್ಕನಿಗೂ ಒಂದು ಇತ್ತಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ಅವಳು ಬಚ್ಚಲ ಬಾಗಿಲು ಹಾಕಿಕೊಂಡು ತಾನೇ ಸ್ನಾನ ಮಾಡುವಷ್ಟು ದೊಡ್ಡವಳಾಗಿದ್ದಳು, ಹಾಗಾಗಿ ಅಮ್ಮ ಅದನ್ನು ಹಾಡುವುದನ್ನು ನಿಲ್ಲಿಸಿಬಿಟ್ಟಿದ್ದಳು. ಅದು ಏನಿತ್ತು ಎಂದು ನಾನು ಕೇಳಲಿಲ್ಲ. ಸ್ವಂತ ಆಸ್ತಿ ಇರುವವರು ಪಕ್ಕದವರ ಹೊಲದಲ್ಲಿ ಏನು ಬೆಳೆದಿದೆ ಎಂದು ಯಾಕೆ ನೋಡುತ್ತಾರೆ?

ಅಕ್ಕನ ಹೆಸರು ನೀಲಾಂಬಿಕೆ. ಮದುವೆಯಾಗಿ ಮೂರು ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತೌರಿಗೆ ಬಂದಳು. ಅಪ್ಪ ಅಮ್ಮ ಹೋದ ಮೇಲೆ ನಾವಿಬ್ಬರೇ ಉಳಿದೆವು. ನನಗೆ ಮದುವೆಯಾಗಿರಲಿಲ್ಲ. ಈಗಲೂ ಆಗಿಲ್ಲ, ಅದನ್ನು ಬರೆಯಲು ಬೇರೆ ಕಾಗದ ಬೇಕು.

ಟ್ರೈನಿಂಗಿನ ದಿನಕ್ಕೆ ಬರುತ್ತೇನೆ. ಆಗ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಆಸ್ಪತ್ರೆಗಳಿಗೆ ಇದ್ದಕ್ಕಿದ್ದಂತೆ ಬಣ್ಣಬಣ್ಣದ ಚೀಲಗಳು ಬಂದಿದ್ದವು. ಯಾವ ಕಸ ಹಳದಿಗೆ, ಯಾವುದು ಕೆಂಪಿಗೆ, ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು ಯಾಕೆ, ಬೆಂಕಿ ಹತ್ತಿದರೆ ಯಾವ ಮೆಟ್ಟಿಲಲ್ಲಿ ಇಳಿಯಬೇಕು, ಇದನ್ನೆಲ್ಲ ಡಾಕ್ಟರರಿಂದ ಹಿಡಿದು ನೆಲ ಒರೆಸುವವರ ತನಕ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ಕೂತು ಕಲಿಯಲೇಬೇಕು ಎಂದಾಯಿತು. ಕಲಿಸಲು ಸಿಟಿಯಿಂದ ಒಬ್ಬ ಮೇಡಂ ಬಂದರು. ಒಳ್ಳೆಯ ಹೆಂಗಸು. ಗೋಡೆಯ ಮೇಲೆ ಚಿತ್ರ ಬಿಡುವ ಯಂತ್ರ ತಂದಿದ್ದರು. ಅದರ ಎರಡನೆಯ ಚಿತ್ರಕ್ಕೇ ಕರೆಂಟು ಹೋಯಿತು. ಬೆಂಕಿ ಆರಿಸುವ ಮರಳಿನ ಬಕೆಟ್ಟು ತರಿಸಿದರು. ಅದರಲ್ಲಿ ಮರಳಿಗಿಂತ ಬೀಡಿ ತುಂಡೇ ಜಾಸ್ತಿ ಇತ್ತು. ಮೇಡಂ ಎದೆಗುಂದದೆ, "ಈಗ ಹ್ಯಾಂಡ್ ವಾಷ್" ಎಂದರು. ನಲ್ಲಿ ತಿರುಗಿಸಿದರು. ನಲ್ಲಿ ಒಂದು ಸಲ ಕೆಮ್ಮಿ ಸುಮ್ಮನಾಯಿತು.

ನಮ್ಮಲ್ಲಿ ಅದಕ್ಕೊಂದು ರೂಢಿ ಇತ್ತು. ಟ್ಯಾಂಕರ್ ನೀರನ್ನು ಡ್ರಮ್ಮಿನಲ್ಲಿ ತುಂಬಿಟ್ಟು, ಒಬ್ಬರು ಮಗ್ಗಿನಿಂದ ಹಾಕುವುದು, ಇನ್ನೊಬ್ಬರು ತೊಳೆದುಕೊಳ್ಳುವುದು. ಮೇಡಂ ಒಪ್ಪಿದರು. ಆದರೆ ಆಮೇಲೆ ಒಂದು ಮಾತು ಹೇಳಿದರು ನೋಡಿ, ಅಲ್ಲಿಗೆ ಇಡೀ ತರಬೇತಿ ನಿಂತೇಹೋಯಿತು. "ವಾರ್ಡಿನಲ್ಲಿ ಕೆಲಸ ಮಾಡೋರು ಬಳೆ, ಉಂಗುರ ತೆಗೆದಿಡಬೇಕು. ಬಳೆ ಕೆಳಗೆ ಕೊಳೆ ನಿಲ್ಲುತ್ತೆ."

ಆಯಾಗಳ ಸಾಲಿನಲ್ಲಿ ಮೊದಲು ಕೂತಿದ್ದವಳು ಪುಟ್ಟಮ್ಮ. ಅಲ್ಲಿಯೇ ಹತ್ತಿರದ ಹಳ್ಳಿಯವಳು. ಫ್ಯಾಕ್ಟರಿ ಬರುವ ಮುಂಚೆ ಆ ಜಾಗದಲ್ಲಿ ಅವರ ರಾಗಿ ಹೊಲ ಇತ್ತು ಎಂದು ಯಾರು ಸಿಕ್ಕಿದರೂ ತೋರಿಸುವವಳು. ಅವಳು ಎದ್ದು ನಿಂತು ಎರಡು ಕೈಯನ್ನೂ ಸೆರಗಿನಲ್ಲಿ ಮುಚ್ಚಿಕೊಂಡಳು.

"ಅಂಗೆಲ್ಲಾ ಆಗಾಕಿಲ್ಲ ಕಣವ್ವ. ಮನೇಲಿ ಗಂಡ ಗಟ್ಟಿಮುಟ್ಟಾಗವ್ನೆ, ನಾನ್ಯಾಕೆ ಬರಿಗೈ ಮಾಡ್ಕಳ್ಲಿ?"

ಹಿಂದಿನಿಂದ ಎಲ್ಲರೂ ಹೌದು ಹೌದು ಎಂದರು. ಮೇಡಂ ಕ್ರಿಮಿಗಳ ಬಗ್ಗೆ ಹೇಳಿದರು. ಕ್ರಿಮಿ ಕಣ್ಣಿಗೆ ಕಾಣುವುದಿಲ್ಲ, ಗಂಡ ಕಾಣುತ್ತಾನೆ. ಯಾರು ಗೆಲ್ಲುತ್ತಾರೆ ನೀವೇ ಹೇಳಿ. ಅಕ್ಕ ಎದ್ದು, "ಡ್ಯೂಟಿ ಟೈಮಲ್ಲಿ ಮಾತ್ರ ಅಲ್ವಾ ಪುಟ್ಟಮ್ಮ, ಆಮೇಲೆ ಹಾಕ್ಕೊಂಡ್ರಾಯ್ತು" ಎಂದಳು. ಪುಟ್ಟಮ್ಮನ ಬಾಯಿ ಜಾರಿತು.

"ನಿಮ್ಗೇನು ನೀಲಮ್ಮ, ತೆಗ್ಯಾಕೆ ಬಳೇನೇ ಇಲ್ಲ."

ನನಗೆ ಎದ್ದು ಹೋಗಿ ಪುಟ್ಟಮ್ಮನ ಕೆನ್ನೆಗೆ ಎರಡು ಬಿಡಬೇಕು ಅನ್ನಿಸಿತು. ಅಕ್ಕ ಮಗ್ಗು ತೆಗೆದುಕೊಂಡಳು, ಪುಟ್ಟಮ್ಮನ ಕೈ ಹಿಡಿದು ಬೇಸಿನ್ನಿನ ಹತ್ತಿರ ಕರೆದುಕೊಂಡು ಹೋದಳು, ನೀರು ಹಾಕುತ್ತ ಮೆಲ್ಲಗೆ ಹಾಡಿದಳು. ಬೆರಳಿನ ಸಂದಿ ತೊಳೆಯವ್ವ, ನಿನ ಕೈಗೆ ಬೆಳದಿಂಗಳೇ ಬಂದು ಬಳೆಯಾಗಲಿ. ಗಿರಿಜವ್ವ ಎಂದಿದ್ದಲ್ಲಿ ಪುಟ್ಟವ್ವ ಎಂದಳು. ಪುಟ್ಟಮ್ಮ ಒಂದೊಂದಾಗಿ ಬಳೆ ತೆಗೆದು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು, "ಇನ್ನೊಂದ್ ಕಿತ ಏಳಿ" ಎಂದಳು.

ಎಲ್ಲರೂ ಚಪ್ಪಾಳೆ ಹೊಡೆದರು. ಮೇಡಂ ಕಣ್ಣೊರೆಸಿಕೊಂಡರು. ಆ ಇಡೀ ಹಾಲಿನಲ್ಲಿ ಚಪ್ಪಾಳೆ ಹೊಡೆಯದೆ ಕೂತವಳು ನಾನೊಬ್ಬಳೇ. ನನ್ನ ಕೈಯಲ್ಲಿ ಗಾಜಿನ ಬಳೆಗಳಿದ್ದವು, ಆದರೂ ಯಾರೋ ನನ್ನ ಬಳೆಯನ್ನೇ ಬಿಚ್ಚಿ ಹಂಚಿದ ಹಾಗಾಗಿತ್ತು.

ಅಲ್ಲಿಂದ ಆ ಪದ ಆಸ್ಪತ್ರೆಯ ಸೊತ್ತಾಯಿತು. ನೀರು ಹಾಕುವವರು ಹಾಡಬೇಕು, ಹಾಡು ಮೂರು ಸಲ ಮುಗಿಯುವ ತನಕ ತೊಳೆಯುವವರು ಕೈ ತೆಗೆಯಬಾರದು. ಗಡಿಯಾರ ನೋಡಿಕೊಂಡು ತೊಳೆಯಿರಿ ಎಂದಿದ್ದರೆ ಯಾರೂ ತೊಳೆಯುತ್ತಿರಲಿಲ್ಲ. ಹಾಡನ್ನು ಅರ್ಧಕ್ಕೆ ಬಿಡಲು ನಮ್ಮ ಜನಕ್ಕೆ ಮನಸ್ಸು ಬರುವುದಿಲ್ಲ. ಹೋಗುತ್ತ ಹೋಗುತ್ತ ಮಾತುಗಳು ಬದಲಾದವು. ಹಂಡೆ ಟ್ಯಾಂಕಿಯಾಯಿತು, ಗಿರಿಜವ್ವ ಸಿಸ್ಟರವ್ವ ಆದಳು. "ಟ್ಯಾಂಕಿಯ ನೀರು ತಣ್ಣಗಾಯ್ತು ಸಿಸ್ಟರವ್ವ" ಎಂದು ಕೇರಳದ ನರ್ಸುಗಳು ಅವರ ರಾಗದಲ್ಲಿ, ತಮಿಳಿನ ವಾರ್ಡ್ ಬಾಯ್‌ಗಳು ಅವರ ರಾಗದಲ್ಲಿ ಹಾಡುತ್ತಿದ್ದರು. ಮೂಳೆ ಡಾಕ್ಟರು ಆಪರೇಷನ್ನಿಗೆ ಮುಂಚೆ ಸಿಳ್ಳೆಯಲ್ಲಿ ಹಾಕುತ್ತಿದ್ದರು. ಕೌಂಟರಿನಲ್ಲಿ ಕೂತು ಚೀಟಿ ಬರೆಯುವ ನನ್ನ ಕಿವಿಗೆ ಬೆಳಗಿನಿಂದ ಸಂಜೆಯ ತನಕ ನನ್ನ ಬಾಲ್ಯ ಬೀಳುತ್ತಿತ್ತು, ಅದೂ ಅಪಸ್ವರದಲ್ಲಿ.

ಹೊಟ್ಟೆಕಿಚ್ಚಿನ ಬಗ್ಗೆ ಒಂದು ಮಾತು. ಹೊಲದವರ ಹೊಟ್ಟೆಕಿಚ್ಚಿಗೆ ಬದು ಇರುತ್ತದೆ, ಚಿನ್ನದವರದಕ್ಕೆ ತೂಕ ಇರುತ್ತದೆ. ನನ್ನಂಥವರ ಹೊಟ್ಟೆಕಿಚ್ಚಿಗೆ ಅಳತೆಯೇ ಇಲ್ಲ, ಏಕೆಂದರೆ ಕಳೆದದ್ದೇನು ಎಂದು ತೋರಿಸುವ ಹಾಗಿಲ್ಲ. ಪದವನ್ನು ನಾನು ಈಗಲೂ ಹಾಡಬಹುದಲ್ಲ! ಅವರು ಹಾಡಿದ್ದರಿಂದ ನನ್ನದೇನೂ ಸವೆಯಲಿಲ್ಲವಲ್ಲ! ಪೊಲೀಸರಿಗೆ ಹೇಳಿದರೆ ನಗುತ್ತಾರೆ. ಟ್ರೈನಿಂಗಿನಲ್ಲಿ ಎಣ್ಣೆಯ ಬೆಂಕಿಗೆ ಏನು ಹಾಕಬೇಕು, ಕರೆಂಟಿನ ಬೆಂಕಿಗೆ ಏನು ಹಾಕಬೇಕು ಎಂದು ಹೇಳಿಕೊಟ್ಟರು. ಈ ಬೆಂಕಿಯ ಸುದ್ದಿ ಬರಲಿಲ್ಲ. ಬಂದಿದ್ದರೆ ಊಟ ಬಿಟ್ಟಾದರೂ ಬರೆದುಕೊಳ್ಳುತ್ತಿದ್ದೆ.

ಒಂದು ಸಂಜೆ ತಡೆಯಲಾರದೆ ಅಕ್ಕನನ್ನು ಕೇಳಿಯೇಬಿಟ್ಟೆ.

"ನಂದ್ಯಾಕೆ ಕೊಟ್ಟೆ? ನಿಂದೇ ಹೇಳ್ಕೊಡ್ಬೇಕಿತ್ತು."

"ನಂದ್ರಲ್ಲಿ ಬಳೆ ಬರಲ್ಲ ಕಣೇ."

"ಮತ್ತೇನು ಬರುತ್ತೆ?"

ಅಕ್ಕ ನಕ್ಕಳು. "ಹೋಗೇ, ಸಾರು ಉಕ್ತಾ ಇದೆ ನೋಡು."

ನಿಜವಾಗಿಯೂ ಉಕ್ಕುತ್ತಿತ್ತು. ನಾನು ಎದ್ದು ಹೋಗಿ ಒಲೆ ಸಣ್ಣ ಮಾಡಿದೆ. ಮತ್ತೆ ಕೇಳಲಿಲ್ಲ. ನನಗೆ ಬೇಕಾಗಿದ್ದದ್ದು ಜಗಳ, ಅವಳ ಪದ ಅಲ್ಲ.

ಮರುವರ್ಷದ ಟ್ರೈನಿಂಗಿನಲ್ಲಿ ಅಕ್ಕನೇ ಅರ್ಧ ಪಾಠ ಮಾಡಿದಳು. ಅದಾಗಿ ಕೆಲವು ತಿಂಗಳಿಗೆ ಅವಳ ಕಣ್ಣು ಹಳದಿಯಾಯಿತು. ರಕ್ತದಿಂದ ಹರಡುವ ಕಾಮಾಲೆ ಎಂದರು. ತರಬೇತಿಗಳು ಬರುವ ಮುಂಚಿನ ವರ್ಷಗಳಲ್ಲಿ ಯಾವುದೋ ಸೂಜಿ ಚುಚ್ಚಿರಬೇಕು, ಇಷ್ಟು ದಿನ ಒಳಗೇ ಇತ್ತು ಎಂದರು ಡಾಕ್ಟರು. ಅಕ್ಕ ಕೇಳಿ, "ಯಾವ್ದು ಅಂತ ಹೇಳೋದು ಸಾರ್, ಆಗ ದಿನಾ ಚುಚ್ತಿತ್ತು" ಎಂದಳಷ್ಟೆ. ನಮ್ಮ ಆಸ್ಪತ್ರೆಯಲ್ಲೇ ಮೂಲೆಯ ರೂಮು ಕೊಟ್ಟರು.

ಆ ರೂಮಿನ ಬಾಗಿಲಲ್ಲಿ ಡ್ರಮ್ಮು, ಮಗ್ಗು, ಸೋಪು. ಒಳಗೆ ಹೋಗುವವರು ಹೋಗುವಾಗಲೂ ಬರುವಾಗಲೂ ತೊಳೆಯಬೇಕು. ಕಾವಲಿಗೆ ಪುಟ್ಟಮ್ಮ. ನಾನು ಕೆಲಸ ಮುಗಿಸಿ ಓಡಿ ಬಂದರೆ ಅವಳು ಅಡ್ಡ ನಿಲ್ಲುತ್ತಿದ್ದಳು. ನೀರು ಹಾಕುತ್ತ ಹಾಡುವವಳು, ನಾನು ಕೈ ತೆಗೆದರೆ ಗದರುವವಳು.

"ಇನ್ನೂ ಮುಗ್ದಿಲ್ಲ ಕಣವ್ವ. ಬೆರಳ್ ಸಂದಿ ಬಂತಾ? ಬಂದಿಲ್ಲ. ಮೊದ್ಲಿಂದ ತೊಳೀರಿ."

"ಪುಟ್ಟಮ್ಮ, ಇದು ನನ್ನ ಪದ."

"ಯಾರ್ದಾದ್ರೂ ಆಗ್ಲಿ, ಮೂರ್ ಕಿತ ಆಗ್ಬೇಕು."

ಒಳಗಿನಿಂದ ಅಕ್ಕನ ನಗು ಕೇಳುತ್ತಿತ್ತು. ಕಾಯಿಲೆ ಬಿದ್ದ ಮೇಲೆ ಅವಳು ನಕ್ಕದ್ದು ಆ ಬಾಗಿಲ ಜಗಳಕ್ಕೇ ಹೆಚ್ಚು. ನಾನು ಬೇಕೆಂದೇ ಬೇಗ ಕೈ ತೆಗೆಯಲು ಶುರುಮಾಡಿದೆ. ನಾನು ಕೌಂಟರಿನಲ್ಲಿದ್ದಾಗ ಅವಳಿಗೆ ಗಂಜಿ ಕುಡಿಸಿದವಳು ಪುಟ್ಟಮ್ಮ, ತಲೆ ಬಾಚಿದವಳು ಪುಟ್ಟಮ್ಮ. ಯಾವ ಮಾತಿಗೆ ಅಕ್ಕ ಏನಂದಳು ಎಂದು ನನಗೆ ವರದಿ ಒಪ್ಪಿಸಿದವಳೂ ಪುಟ್ಟಮ್ಮನೇ. ಎಷ್ಟು ಕೃತಜ್ಞತೆ ಇರಬೇಕಿತ್ತೋ ಅಷ್ಟೇ ಕಿಚ್ಚು ಇತ್ತು. ಎರಡೂ ಒಂದೇ ಹೊಟ್ಟೆಯಲ್ಲಿ ಹೇಗೆ ಹಿಡಿಸಿದವೋ ನನಗೆ ತಿಳಿಯದು.

ಅಕ್ಕ ಒಂದು ಮಧ್ಯಾಹ್ನ ಹೋದಳು. ನಾನು ಪಕ್ಕದಲ್ಲಿದ್ದೆ. ಅದರ ಬಗ್ಗೆ ಬರೆಯುವುದಿಲ್ಲ.

ಬರೆಯಬೇಕಾದದ್ದು ಆಮೇಲಿನದು. ನಮ್ಮವರಲ್ಲಿ ಮಣ್ಣು ಮಾಡುವ ಮುಂಚೆ ಮೀಯಿಸಿ, ವಿಭೂತಿ ಇಟ್ಟು, ಕೂರಿಸುತ್ತಾರೆ. ಮನೆಯ ಮುಂದೆ ಎರಡು ಸೀರೆ ಕಟ್ಟಿ ಮರೆ ಮಾಡಿದರು. ಕಾಯಿಲೆಯ ಸ್ವರೂಪ ಗೊತ್ತಿದ್ದದ್ದರಿಂದ ವಠಾರದ ಹೆಂಗಸರು ಹಿಂದೆ ಸರಿದರು. ನಾನು ಅವರನ್ನು ದೂರುವುದಿಲ್ಲ, ಅವರಿಗೆ ಯಾರೂ ಟ್ರೈನಿಂಗ್ ಕೊಟ್ಟಿರಲಿಲ್ಲ. ಮುಂದೆ ಬಂದದ್ದು ಆಸ್ಪತ್ರೆಯವರು, ರಬ್ಬರಿನ ಕೈಗವಸು ಹಾಕಿಕೊಂಡು, ಅಕ್ಕ ಹೇಳಿಕೊಟ್ಟ ಹಾಗೆಯೇ. ನನಗೂ ಒಂದು ಜೊತೆ ತೊಡಿಸಿದರು. ನಾನು ಅಕ್ಕನ ಕೈ ಹಿಡಿದುಕೊಂಡೆ. ಪುಟ್ಟಮ್ಮ ಮಗ್ಗಿನಲ್ಲಿ ನೀರು ಹಾಕಿದಳು.

ನೀರು ಬೀಳುತ್ತಲೇ ಅವಳು ಹಾಡಿದಳು.

ಬೇಕೆಂದು ಹಾಡಿದ್ದಲ್ಲ. ನೀರು ಹಾಕುವವರು ಹಾಡಬೇಕು, ಅಷ್ಟೇ. ಎರಡು ವರ್ಷದಿಂದ ಅವಳ ಕೈಗೂ ಬಾಯಿಗೂ ಅದು ಒಂದೇ ಕೆಲಸವಾಗಿತ್ತು. "ಟ್ಯಾಂಕಿಯ ನೀರು ತಣ್ಣಗಾಯ್ತು ಸಿಸ್ಟರವ್ವ" ಎನ್ನುವ ತನಕ ಯಾರಿಗೂ ಏನೂ ಅನ್ನಿಸಲಿಲ್ಲ. ಬೆರಳಿನ ಸಂದಿ ಎಂಬಲ್ಲಿಗೆ ಬಂದಾಗ ಅವಳಿಗೇ ಗೊತ್ತಾಗಿ, ಮಗ್ಗನ್ನು ಬಕೆಟ್ಟಿಗೆ ಬಿಟ್ಟು ಬಾಯಿ ಮುಚ್ಚಿಕೊಂಡಳು. ಸೀರೆಯ ಆಚೆ ಇದ್ದ ಹಿರಿಯರು ಯಾರೋ, "ಏನ್ರಮ್ಮ ಅದು, ಹೆಣದ ಮುಂದೆ ಹಾಡು?" ಎಂದರು.

ನನಗೆ ಸಿಟ್ಟು ಬಂದಿತ್ತು. ಹಾಡಿದ್ದಕ್ಕಲ್ಲ. ಹಾಡಿದ್ದು ನನ್ನದು ಎನ್ನುವುದಕ್ಕೆ. ಒಬ್ಬ ಮಗಳ ಪದವನ್ನು ಇನ್ನೊಬ್ಬಳಿಗೆ ಹಾಡಬಾರದು. ಇದು ಅಕ್ಕನ ಕೊನೆಯ ಸ್ನಾನ, ಇದಕ್ಕೆ ಅವಳದೇ ಬೇಕಿತ್ತು. "ಅದಲ್ಲ ಪುಟ್ಟಮ್ಮ, ಅವಳದು ಬೇರೆ ಇದೆ" ಎಂದೆ. ಪುಟ್ಟಮ್ಮ ಕಣ್ಣೀರಿನಲ್ಲೇ ಮಗ್ಗು ಎತ್ತಿಕೊಂಡು, "ಏಳವ್ವ, ಅದ್ನೇ ಏಳ್ತೀನಿ" ಎಂದಳು. ಎಲ್ಲರೂ ನನ್ನ ಮುಖ ನೋಡಿದರು.

ನನಗೆ ಗೊತ್ತಿರಲಿಲ್ಲ.

ಉಳಿದ ನೀರನ್ನು ಸುಮ್ಮನೆ ಹಾಕಿದರು.

ಆಮೇಲೆ ನಾನು ಆ ಪದವನ್ನು ಹುಡುಕಲು ಹೊರಟೆ. ಹುಡುಕುವುದು ಎಂದರೆ ಏನು, ಕೇಳುವುದು. ಊರಿಗೆ ಹೋಗಿ ಚಿಕ್ಕಮ್ಮನನ್ನು ಕೇಳಿದೆ. ಅಮ್ಮನ ತಂಗಿ ಅವಳು, ಅಕ್ಕ ಹುಟ್ಟಿದಾಗ ಅಮ್ಮನ ಬಾಣಂತನಕ್ಕೆ ಜೊತೆಯಲ್ಲಿದ್ದವಳು. ಅವಳು ಬಹಳ ಯೋಚನೆ ಮಾಡಿದಳು.

"ನಿಂದು ಊರಿಗೆಲ್ಲಾ ಗೊತ್ತಿತ್ತು ಕಣವ್ವಾ, ನಿಮ್ಮವ್ವ ಬೀದೀಗೆ ಕೇಳೋ ಹಂಗೆ ಹಾಡೋಳು. ನೀಲಂದು ಮೊದಲ್ನೇ ಮಗು ನೋಡು, ದೃಷ್ಟಿಯಾಗುತ್ತೆ ಅಂತ ಬಚ್ಚಲಬಾಗ್ಲು ಹಾಕ್ಕೊಂಡು ಒಳಗೊಳಗೇ ಹೇಳೋಳು. ನಮಗೆ ನೀರಿನ ಸದ್ದಷ್ಟೇ ಕೇಳ್ತಿತ್ತು."

ಕೇಳಿ ನನಗೆ ಏನಾಯಿತು ಎಂದು ಊಹಿಸಿ. ಹೌದು, ಅದೇ. ನನ್ನ ಪದವನ್ನು ಅಮ್ಮ ಬೀದಿಗೆ ಕೇಳುವ ಹಾಗೆ ಹಾಡಿದ್ದಳು. ಅದು ಮೊದಲಿನಿಂದಲೂ ಹಂಚಿದ ಸೊತ್ತೇ. ಬಾಗಿಲು ಹಾಕಿಕೊಂಡು ಕೊಟ್ಟದ್ದು ಅಕ್ಕನಿಗೆ ಮಾತ್ರ. ಇಷ್ಟು ವರ್ಷ ಆಸ್ಪತ್ರೆಯವರ ಮೇಲೆಲ್ಲ ಸುಟ್ಟುಕೊಂಡವಳು, ಊರಿನಿಂದ ಬರುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಸತ್ತ ಅಕ್ಕನ ಮೇಲೆಯೇ ಹೊಟ್ಟೆಕಿಚ್ಚು ಪಟ್ಟುಕೊಂಡು ಬಂದೆ. ನೆಲಮಂಗಲದ ಹತ್ತಿರ ಬರುವಾಗ ಅಳು ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು ನನಗೆ ಬಸ್ಸು ಆಗುವುದಿಲ್ಲ ಎಂದುಕೊಂಡು ನಿಂಬೆಹಣ್ಣು ಕೊಟ್ಟಳು.

ಆಸ್ಪತ್ರೆಯಲ್ಲೂ ಕೇಳಿದೆ. ಒಬ್ಬಳೇ ಕೈ ತೊಳೆಯುವಾಗ ನೀಲಮ್ಮ ಏನೋ ಗುನುಗುತ್ತಿದ್ದರು ಎಂದಳು ಪುಟ್ಟಮ್ಮ. ಏನದು ಎಂದೆ. "ಬಾಯಲ್ಲೇ ಅಂದ್ಕಳ್ಳಾರು ಕಣವ್ವ. ಗ್ಯಾನ ಕೊಟ್ಟು ಕೇಳ್ಳಿಲ್ಲ ನಾನು" ಎಂದು ಅವಳು ತಲೆತಗ್ಗಿಸಿದಳು. ಅವಳನ್ನು ನಾನು ಏನನ್ನಲಿ? ಒಂದೇ ಮನೆಯಲ್ಲಿದ್ದವಳು ನಾನೇ ಕೇಳಿರಲಿಲ್ಲ. ಅಂದಿನಿಂದ ಪುಟ್ಟಮ್ಮನ ಮೇಲಿನ ಕಿಚ್ಚು ಆರಿದೆ. ಇಬ್ಬರೂ ಮಧ್ಯಾಹ್ನದ ಊಟ ಒಟ್ಟಿಗೆ ಮಾಡುತ್ತೇವೆ. ಅವಳ ಮುದ್ದೆಗೆ ನನ್ನ ಸಾರು.

ನಾನೇ ಒಂದು ಕಟ್ಟಿ ನೋಡಿದೆ. ನೀಲವ್ವ ಎಂದು ಶುರುಮಾಡಿದರೆ ಎರಡನೆಯ ಸಾಲಿಗೆ ಬೆಳದಿಂಗಳು ಬಂದುಬಿಡುತ್ತದೆ. ಅದನ್ನು ಓಡಿಸಿದರೆ ಬಳೆ ಬರುತ್ತದೆ. ಏನು ಕಟ್ಟಿದರೂ ನನ್ನದೇ ಆಗುತ್ತದೆ. ಅಂಗಿ, ಪುಸ್ತಕ, ಚಪ್ಪಲಿ ಎಲ್ಲ ಅವಳಿಂದ ನನಗೆ ಇಳಿದು ಬಂದವು, ನನ್ನದರಿಂದ ಅವಳಿಗೆ ಒಂದನ್ನು ಮಾಡಿಕೊಡುವ ವಿದ್ಯೆ ನನಗೆ ಬರಲಿಲ್ಲ. ಅಮ್ಮ ಹೇಗೆ ಕಟ್ಟುತ್ತಿದ್ದಳೋ! ಅವಳ ಮೇಲೂ ಸ್ವಲ್ಪ ಹೊಟ್ಟೆಕಿಚ್ಚು ಬಂತು. ನನ್ನಲ್ಲಿ ಅದಕ್ಕೇನೂ ಬರವಿಲ್ಲ.

ಈ ವರ್ಷದ ಟ್ರೈನಿಂಗಿನಲ್ಲಿ ಸಿಟಿಯ ಮೇಡಂ ನನ್ನನ್ನು ಮುಂದೆ ಕರೆದರು. ನೀರು ಹಾಕಿ ಹಾಡುವ ಪಾಠವನ್ನು ಅಕ್ಕನ ಬದಲು ನೀವೇ ಮಾಡಬೇಕು ಎಂದರು. ಮಾಡಿದೆ. ಗಾಜಿನ ಬಳೆ ತೆಗೆದು ಜೇಬಿಗೆ ಹಾಕಿಕೊಂಡು, ಹೊಸದಾಗಿ ಸೇರಿದವರ ಕೈಗೆ ನೀರು ಹಾಕುತ್ತ, ಹಂಡೆಯ ನೀರು ಹದವಾಯ್ತು ಎಂದು ಅಮ್ಮ ಹೇಳಿದ ಹಾಗೆಯೇ ಶುರುಮಾಡಿದೆ. ಹಳಬರ ಬಾಯಲ್ಲಿ ಆಗಲೇ ಕೇಳಿದ್ದ ಅವರು ನನ್ನನ್ನು ತಿದ್ದಿದರು: "ಮೇಡಂ, ಟ್ಯಾಂಕಿ." ಸರಿ, ಟ್ಯಾಂಕಿ ಎಂದೆ. ಆಶ್ಚರ್ಯವೆಂದರೆ ಹೊಟ್ಟೆಯಲ್ಲಿ ಏನೂ ಆಗಲಿಲ್ಲ. ಹಾಡಲಿ, ಎಷ್ಟು ಜನ ಬೇಕಾದರೂ ಹಾಡಲಿ. ಇಷ್ಟು ಬಾಯಲ್ಲಿ ಇರುವುದು ಕಳೆದುಹೋಗುವುದಿಲ್ಲ.

ಹೊಟ್ಟೆಕಿಚ್ಚು ಪಡಬೇಕಾದರೂ ಎದುರಿಗೆ ಒಬ್ಬರು ಬೇಕು, ಅವರ ಕೈಯಲ್ಲಿ ಆ ವಸ್ತು ಇರಬೇಕು. ಅಕ್ಕನ ಪದ ಬೇರೆ ಯಾರ ಹತ್ತಿರವಾದರೂ ಇದ್ದಿದ್ದರೆ, ಪುಟ್ಟಮ್ಮನ ಹತ್ತಿರವೇ ಇದ್ದಿದ್ದರೆ, ನಾನು ಸಂತೋಷವಾಗಿ ಹೊಟ್ಟೆಕಿಚ್ಚು ಪಡುತ್ತಿದ್ದೆ. ಯಾರ ಹತ್ತಿರವೂ ಇಲ್ಲ.